ಕಲ್ಲಿನ ಲೋಳೆ ಕೆರೆಸಿ ಕ್ಯಾನಿನ ಬ್ಯಾಕ್ಟೀರಿಯಾ ಸುರಿಯುವವರಿಗೆ

ಇವತ್ತಿನದ್ದು ಉದ್ದ ಉಂಟು. ಪುರುಸೊತ್ತಿದ್ದವರು ಈಗ ಓದಿ, ಇಲ್ಲದವರು ರಾತ್ರಿ ಊಟ ಆದ ಮೇಲೆ ಓದಿ. ಓದದೆ ಲೈಕ್ ಒತ್ತಿ ಹೋಗ್ಬೇಡಿ ಮಾರಾಯ್ರೆ, ಇದರಲ್ಲಿ ಕೆಲವರಿಗೆ ಬೇಜಾರಾಗುವ ಮಾತೂ ಉಂಟು.

ವಿಷಯ ಇಷ್ಟೆ. ನಮ್ಮ ಮಂಗಳೂರಲ್ಲಿ ಈಗ ಕೆರೆ ಅಭಿವೃದ್ಧಿ ಅಂದ್ರೆ ಎಲ್ಲ ಕಡೆ ಒಂದೇ ಅಡುಗೆ. ಮೊದಲು ಪಂಪು ಇಟ್ಟು ನೀರು ಖಾಲಿ ಮಾಡುದು. ಜೆಸಿಬಿ ಇಳಿಸುದು. ಹಳೇ ಮುರಕಲ್ಲಿನ ಕಟ್ಟ ಕಿತ್ತು ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸುದು. ಉಳಿದ ಕಲ್ಲಿಗೆ, ಮೆಟ್ಟಿಲಿಗೆ ಹಿಡಿದ ಲೋಳೆಯನ್ನು ತಂತಿ ಬ್ರಶ್ಶಲ್ಲಿ ತಿಕ್ಕಿ ತೆಗೆದು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುದು. ಸುತ್ತ ಇಂಟರ್‌ಲಾಕ್, ಬೆಂಚು, ಲೈಟು ಕಂಬ. ಮಳೆಗಾಲ ಕಳೆದು ನೀರು ನಿಂತು, ಹಸಿರಾಗಿ, ವಾಸನೆ ಸುರುವಾದ ಮೇಲೆ ಒಂದು ದಿನ ಕ್ಯಾನುಗಳು ಬರ್ತವೆ. ಒಳಗೆ 'ಒಳ್ಳೆಯ ಬ್ಯಾಕ್ಟೀರಿಯಾ' ಉಂಟಂತೆ. ನಾಲ್ಕು ಜನ ನಿಂತು ಸುರಿಯುದು, ಫೋಟೋ ತೆಗೆಯುದು. ಮರುದಿನ ಪೇಪರಿನಲ್ಲಿ ಕೆರೆಗೆ ಜೀವ ಬಂತು ಅಂತ ಸುದ್ದಿ.

ನಮ್ಮ ಬದಿಯ ಒಂದು ಕೆರೆಗೆ ಇದೇ ಆಯ್ತು. ಯಾವ ಕೆರೆ, ಯಾರು ಮಾಡಿಸಿದ್ದು ಅಂತ ನಾನು ಹೇಳುದಿಲ್ಲ, ಹೆಸರು ಹೇಳಿ ಜಗಳ ಮಾಡ್ಲಿಕ್ಕೆ ಅಲ್ಲ ಇದನ್ನು ಬರೆಯುದು. ನನ್ನದು ಕಾರ್ಪೊರೇಶನ್ ಲಿಮಿಟಿನೊಳಗೆ 1 ಎಕರೆ 20 ಸೆಂಟ್ಸ್ ಜಾಗ. ಅಡಿಕೆ, ಸ್ವಲ್ಪ ತೆಂಗು, ಕಾಳುಮೆಣಸು, ಬದಿಯಲ್ಲಿ ತರಕಾರಿ. ಆ ಕೆರೆಯ ಒರತೆ ನನ್ನ ಬಾವಿಗೆ. ಕೆರೆ ಹಾಳಾದ್ರೆ ನನ್ನ ಮನೆಯ ಕೊಡಪಾನಕ್ಕೇ ಬರುದು. ಹಾಗಾಗಿ ಮಾತಾಡುವ ಹಕ್ಕು ನನಗೆ ಉಂಟು.

ನನ್ನ ಪ್ರಶ್ನೆ ಒಂದೇ. ಕಲ್ಲಿನ ಮೇಲೆ ಇದ್ದ ಬ್ಯಾಕ್ಟೀರಿಯಾವನ್ನು ತಿಕ್ಕಿ ತೆಗೆದವರು ನೀವೇ, ಆಮೇಲೆ ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ತರುವವರೂ ನೀವೇ. ಇದು ಎಂತ ಲೆಕ್ಕ?

ಮೊದಲು ಆ ಲೋಳೆ ಎಂತದು ಅಂತ ನೋಡುವ. ಹರಿಯುವ ತೋಡಿನಲ್ಲಿ ಅಥವಾ ಶುದ್ಧ ಇರುವ ಕೆರೆಯ ಅಂಚಿನಲ್ಲಿ, ಬಿಸಿಲು ಬೀಳುವ ಜಾಗದ ಒಂದು ಕಲ್ಲು ಎತ್ತಿ. ಮೇಲೆ ತೆಳ್ಳಗೆ ಕಂದು ಬಣ್ಣದ, ಕೆಲವು ಕಡೆ ಬಂಗಾರದ ಬಣ್ಣಕ್ಕೆ ತಿರುಗುವ ಲೋಳೆ ಇರ್ತದೆ. ಕಾಲಿಟ್ರೆ ಜಾರ್ತದೆ. ನಾವು ಎಲ್ಲದಕ್ಕೂ ಪಾಚಿ ಅಂತ ಒಂದೇ ಹೆಸರಿಡುದು. ಆದ್ರೆ ಉದ್ದುದ್ದ ಹಸಿರು ಕೂದಲಿನಂತದ್ದು ಬೇರೆ, ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟುದು ಬೇರೆ, ಈ ಕಂದು ಲೋಳೆ ಬೇರೆ. ಈ ಕಂದು ಬಣ್ಣ ಡಯಾಟಂ ಅನ್ನುವ ಜೀವಿಯದ್ದು.

ನನ್ನ ತಂಗಿಯ ಮಗಳು ಬಿಎಸ್ಸಿ ಓದುವಾಗ ಒಂದು ಹಳೇ ಸೂಕ್ಷ್ಮದರ್ಶಕ ಮನೆಗೆ ತಂದಿದ್ದಳು. ನಮ್ಮ ತೋಡಿನ ಕಲ್ಲಿನ ಲೋಳೆ ಒಂದು ಹನಿ ಗಾಜಿನ ಮೇಲೆ ಇಟ್ಟು '400 ಪಟ್ಟು ದೊಡ್ಡದು ಮಾಡಿದ್ದೇನೆ, ನೋಡಿ ಮಾವ' ಅಂದಳು. ದೋಣಿಯ ಹಾಗೆ ಇರುವವು, ಸೂಜಿಯ ಹಾಗೆ ಇರುವವು, ಬಾಳೆಹಣ್ಣಿನ ಹಾಗೆ ಬಾಗಿದವು. ಕೆಲವು ರೈಲಿನ ಹಾಗೆ ಮುಂದೆ ಹೋಗಿ ಹಿಂದೆ ಬರ್ತಿದ್ದವು. ಅವುಗಳ ಸುತ್ತ ಕಣ್ಣಿಗೆ ಸಿಕ್ಕಿಯೂ ಸಿಕ್ಕದ ಹಾಗೆ ಚುಕ್ಕಿ ಚುಕ್ಕಿ, ನಡುಗುವ ಧೂಳಿನ ಹಾಗೆ. 'ಆ ಚುಕ್ಕಿಗಳಲ್ಲಿ ತುಂಬ ಬ್ಯಾಕ್ಟೀರಿಯಾ ಉಂಟು' ಅಂದಳು. ಈ ಪೋಸ್ಟ್ ಇರುದು ಆ ಚುಕ್ಕಿಗಳ ಬಗ್ಗೆಯೇ.

ಡಯಾಟಂ ಅಂದ್ರೆ ಒಂದೇ ಕೋಶದ ಜೀವಿ. ಗಿಡದ ಹಾಗೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ತದೆ, ಆಮ್ಲಜನಕ ಬಿಡ್ತದೆ. ಅದರ ಮನೆ ಸಿಲಿಕಾದ್ದು, ಅಂದ್ರೆ ಗಾಜಿನದ್ದೇ ಅಂತ ಇಟ್ಕೊಳ್ಳಿ. ಕುಂಕುಮದ ಕರಡಿಗೆಯ ಹಾಗೆ ಕೆಳಗೊಂದು ಬಟ್ಟಲು, ಮೇಲೊಂದು ಮುಚ್ಚಳ. ಇಡೀ ಭೂಮಿಯಲ್ಲಿ ಬಿಸಿಲಿನಿಂದ ಆಹಾರ ಆಗುವ ಕೆಲಸದಲ್ಲಿ ಹೆಚ್ಚುಕಡಿಮೆ 5ರಲ್ಲಿ 1 ಪಾಲು ಡಯಾಟಂಗಳದ್ದು, ಸಮುದ್ರದ್ದು ಸಿಹಿನೀರಿನದ್ದು ಎಲ್ಲ ಸೇರಿ. ಗಾಜಿಗೆ ಬೇಕಾದ ಸಿಲಿಕಾ ಎಲ್ಲಿಂದ ಬರ್ತದೆ? ಬಂಡೆ, ಮಣ್ಣು ಕರಗಿ. ನಮ್ಮ ಮುರಕಲ್ಲು ಆದದ್ದೇ ಲಕ್ಷಗಟ್ಟಲೆ ವರ್ಷ ಮಳೆ ಬಿದ್ದು ಬಂಡೆಯ ಸಿಲಿಕಾ ತೊಳೆದು ಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದು. ತೊಳೆದು ಹೋದದ್ದರಲ್ಲಿ ಒಂದು ಪಾಲು ಇವುಗಳ ಮನೆ ಕಟ್ಲಿಕ್ಕೆ ಹೋಗ್ತದೆ.

ಇದು ಫಾರಿನ್‌ನವರ ವಿಷಯ ಅಂತ ತಿಳ್ಕೊಳ್ಬೇಡಿ. ಎಚ್. ಪಿ. ಗಾಂಧಿ ಅಂತ ಒಬ್ರು ಸಸ್ಯಶಾಸ್ತ್ರಜ್ಞರಿದ್ದರು. ಅವರು 1959ರಲ್ಲಿ ನಮ್ಮ ಸಾಗರದ ಸಿಹಿನೀರಿನ ಡಯಾಟಂಗಳ ಬಗ್ಗೆ, 1966ರಲ್ಲಿ ಜೋಗ ಜಲಪಾತದ ಡಯಾಟಂಗಳ ಬಗ್ಗೆ ಬರೆದು ಪ್ರಕಟ ಮಾಡಿದ್ದಾರೆ. ಜೋಗದ್ದು 100 ಪುಟಕ್ಕೂ ಮೇಲೆ. ನಾವು ಜೋಗಕ್ಕೆ ಹೋಗಿ ಕಲ್ಲಿನಲ್ಲಿ ಜಾರಿ ಬಿದ್ದು ಬಂದದ್ದೇ ಬಂತು, ಆ ಮನುಷ್ಯ ಜಾರುವ ಲೋಳೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಒಬ್ಬೊಬ್ಬರನ್ನೇ ಚಿತ್ರ ಬರೆದು ಇಟ್ಟ.

ಈಗ ಮುಖ್ಯ ಮಾತಿಗೆ ಬರುವ. ಈ ಡಯಾಟಂ ಒಂಟಿಯಾಗಿ ಬಾಳುದಿಲ್ಲ. ನಮಗೆ ರೈತರಿಗೆ ಬೇರಿನ ಸುತ್ತ ಮಣ್ಣಲ್ಲಿ ಸೂಕ್ಷ್ಮಜೀವಿಗಳ ಸಂತೆ ಇರ್ತದೆ ಅಂತ ಗೊತ್ತುಂಟು. ಬೇರು ಸಕ್ಕರೆ ಬಿಡ್ತದೆ, ಅವು ತಿಂದು ಬೇರಿಗೆ ಬೇರೆ ಎಂತದೋ ಕೊಡ್ತವೆ. ಡಯಾಟಂ ಸುತ್ತಲೂ ಹಾಗೆಯೇ ಒಂದು ಸಂತೆ. 1972ರಲ್ಲೇ ಬೆಲ್ ಮತ್ತು ಮಿಚೆಲ್ ಅನ್ನುವ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದಾರೆ, ಫೈಕೋಸ್ಫಿಯರ್ ಅಂತ. ಡಯಾಟಂ ಸಕ್ಕರೆ ಬಿಡ್ತದೆ, ಆಮ್ಲಜನಕ ಬಿಡ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದು, ನೀರಲ್ಲಿ ತೇಲಿ ಬಂದ ಕೊಳೆ ಒಡೆದು, ಇಂಗಾಲದ ಡೈಆಕ್ಸೈಡ್, ಅಮೋನಿಯಾ, ರಂಜಕ ವಾಪಸ್ ಕೊಡ್ತವೆ. ಅದು ಡಯಾಟಂಗೆ ಗೊಬ್ಬರ. ಒಬ್ಬರ ಎಂಜಲು ಇನ್ನೊಬ್ಬರ ಊಟ.

ಬಿ12 ವಿಟಮಿನ್ ನಿಮಗೆ ಗೊತ್ತುಂಟಲ್ಲ, ಕೈಕಾಲು ಜೋಮು ಹಿಡಿದ್ರೆ ಡಾಕ್ಟ್ರು ಬರೆದು ಕೊಡುದು. ಅದನ್ನು ತಯಾರು ಮಾಡುದು ಬ್ಯಾಕ್ಟೀರಿಯಾ ಮತ್ತು ಅಂತದ್ದೇ ಸಣ್ಣ ಜೀವಿಗಳು ಮಾತ್ರ. ಗಿಡಕ್ಕೂ ಬರುದಿಲ್ಲ, ಪ್ರಾಣಿಗೂ ಬರುದಿಲ್ಲ. 2005ರಲ್ಲಿ ಕೇಂಬ್ರಿಡ್ಜ್‌ನವರು ಪಾಚಿಗಳ ಲೆಕ್ಕ ಹಾಕಿದ್ರು. 326 ಜಾತಿಯಲ್ಲಿ 171ಕ್ಕೆ ಬಿ12 ಹೊರಗಿಂದ ಸಿಗಲೇಬೇಕು. ಸಿಗುದು ಬ್ಯಾಕ್ಟೀರಿಯಾದಿಂದ. ಅಂದ್ರೆ ಅರ್ಧಕ್ಕರ್ಧ ಪಾಚಿಯ ಬದುಕು ಪಕ್ಕದ ಮನೆಯ ಬ್ಯಾಕ್ಟೀರಿಯಾದ ಕೈಯಲ್ಲಿ.

ಇನ್ನೊಂದು ಕೇಳಿ. ಕಾಳುಮೆಣಸಿನ ಬಳ್ಳಿ ಬೇರು ಬಿಡ್ಲಿಕ್ಕೆ ನಾವು ಒಂದು ಪುಡಿ ಹಚ್ತೇವೆ. ಅದು ಆಕ್ಸಿನ್ ಜಾತಿಯ ಹಾರ್ಮೋನು. 2015ರಲ್ಲಿ ಒಂದು ಸಮುದ್ರದ ಡಯಾಟಂನಲ್ಲಿ ಕಂಡುಹಿಡಿದದ್ದು ಎಂತ ಅಂದ್ರೆ, ಅದರ ಜೊತೆಗಿರುವ ಬ್ಯಾಕ್ಟೀರಿಯಾ ಆಕ್ಸಿನ್ ಮಾಡಿ ಡಯಾಟಂಗೆ ಕೊಡ್ತದೆ, ಡಯಾಟಂ ಬೇಗ ಬೇಗ ಒಡೆದು ಎರಡಾಗ್ತದೆ. ನಾವು ನರ್ಸರಿಯಲ್ಲಿ ಮಾಡುವ ಕೆಲಸ ಅವು ಅಂಗಡಿಗೆ ಹೋಗದೆ ಮಾಡ್ತಾ ಇದ್ದವು.

ಸಿಹಿನೀರಿನದ್ದು ಬೇಕಾ? ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ಕಲ್ಲಿನ ಲೋಳೆಯ ಮೇಲೆ ಅಲ್ಲಿಯ ವಿಶ್ವವಿದ್ಯಾಲಯದವರು ತುಂಬ ಕೆಲಸ ಮಾಡಿದ್ದಾರೆ. 2008ರ ಅವರ ಒಂದು ಪ್ರಬಂಧದಲ್ಲಿ ರಾಹುಲ್ ಬಹುಲೀಕರ್, ಮೋನಾಲಿ ರಹಾಳ್ಕರ್ ಅನ್ನುವ ನಮ್ಮ ದೇಶದ ಇಬ್ಬರ ಹೆಸರೂ ಉಂಟು. ಯಾವ ಬ್ಯಾಕ್ಟೀರಿಯಾ ಜೊತೆಗಿದ್ರೆ ಡಯಾಟಂ ಹೆಚ್ಚು ಬೆಳೀತದೆ, ಯಾವುದು ಇದ್ರೆ ಕಡಿಮೆ, ಅಂಟು ಎಷ್ಟು ಬಿಡ್ತದೆ ಅಂತ ನೋಡಿದ್ರು. 2015ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಇನ್ನೊಂದು ಬಂತು. ಅಕ್ನಾಂಥಿಡಿಯಂ ಅಂತ ಒಂದು ಸಣ್ಣ ಡಯಾಟಂ, ಶುದ್ಧ ನೀರಿನ ಕಲ್ಲುಗಳ ಮೇಲೆ ಕಾಣುವಂತದ್ದು. ಅದರ ಜೊತೆಗಿದ್ದ ಬ್ಯಾಕ್ಟೀರಿಯಾವನ್ನು ಪೂರ್ತಿ ತೆಗೆದು ಬೆಳೆಸಿದಾಗ ಅದು ಸುತ್ತ ಕಟ್ಟುವ ಅಂಟಿನ ಕವಚ ಕಟ್ಟಲಿಲ್ಲ, ಲೋಳೆಯ ಪದರ ಆಗಲಿಲ್ಲ. ಬ್ಯಾಕ್ಟೀರಿಯಾ ಕೂಡಿಸಿದಾಗ ಕಟ್ಟಿತು.

ಇದರ ಅರ್ಥ ನೋಡಿ. ಡಯಾಟಂ ಕಲ್ಲಿಗೆ ಗಟ್ಟಿಯಾಗಿ ಕೂತು ಸಂಸಾರ ಮಾಡ್ಬೇಕಾದ್ರೆ ಬ್ಯಾಕ್ಟೀರಿಯಾ ಬೇಕು. ಬ್ಯಾಕ್ಟೀರಿಯಾ ಹೊಟ್ಟೆ ತುಂಬಿಸಿಕೊಳ್ಬೇಕಾದ್ರೆ ಡಯಾಟಂನ ಸಕ್ಕರೆ, ಆಮ್ಲಜನಕ ಬೇಕು. ಕೂಡುಕಟ್ಟಿನ ಮನೆ ಇದು. ಇದರಲ್ಲಿ ಒಬ್ಬರನ್ನು ಬ್ಲೀಚಿಂಗ್ ಹಾಕಿ ಕೊಂದು, ಇನ್ನೊಬ್ಬರನ್ನು ಕ್ಯಾನಿನಲ್ಲಿ ತಂದು ಕೂರಿಸ್ತೇನೆ ಅಂದ್ರೆ ಮನೆ ಆಗುದಿಲ್ಲ.

ಇನ್ನೂ ಒಂದು ಉಂಟು, ಇದು ಕೇಳಿ ನನಗೇ ಆಶ್ಚರ್ಯ ಆದದ್ದು. ಅಜೋಲಾ ಬೆಳೆಸುವವರಿಗೆ ಗೊತ್ತು, ಅದರ ಎಲೆಯೊಳಗೆ ಒಂದು ನೀಲಿಹಸಿರು ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕ ಹಿಡಿದು ಕೊಡ್ತದೆ. ಅಲಸಂಡೆಯ ಬೇರಿನ ಗಂಟಿನಲ್ಲಿ ಬೇರೆ ಬ್ಯಾಕ್ಟೀರಿಯಾ ಅದೇ ಕೆಲಸ ಮಾಡ್ತದೆ. ಸಿಹಿನೀರಿನಲ್ಲಿ ರೋಪಲೋಡಿಯಾ, ಎಪಿಥೀಮಿಯಾ ಅಂತ ಡಯಾಟಂಗಳು ಉಂಟು. ಅವುಗಳ ಗಾಜಿನ ಕರಡಿಗೆಯ ಒಳಗೇ, ಕೋಶದ ಒಳಗೇ, ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಕೂತಿದೆ. ಅದೂ ಮೊದಲು ಬಿಸಿಲಿನಲ್ಲಿ ಸ್ವಂತ ಅಡುಗೆ ಮಾಡ್ತಿದ್ದ ಜಾತಿಯದ್ದೇ. ಒಳಗೆ ಸೇರಿದ ಮೇಲೆ ಅಡುಗೆ ಬಿಟ್ಟಿತು, ಊಟ ಡಯಾಟಂ ಕೊಡ್ತದೆ, ಇದು ಸಾರಜನಕ ಕೊಡ್ತದೆ. ಎಪಿಥೀಮಿಯಾದ ಒಳಗಿನ ಆ ಜೀವಿಯ ವಂಶವಾಹಿ ಪೂರ್ತಿ ಓದಿ 2014ರಲ್ಲಿ ಜಪಾನಿನವರು ಇದನ್ನು ಗಟ್ಟಿ ಮಾಡಿದ್ರು. ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ಬೇಸಿಗೆಯಲ್ಲಿ ಹಸಿರು ಪಾಚಿಯ ಕೂದಲಿನ ಮೇಲೆ ಎಪಿಥೀಮಿಯಾ ಕೂತು ಇಡೀ ಪಾಚಿ ತುಕ್ಕಿನ ಬಣ್ಣಕ್ಕೆ ತಿರುಗ್ತದೆ, ಹುಳಗಳಿಗೆ, ಹುಳ ತಿನ್ನುವ ಮೀನಿಗೆ ಅದೇ ಒಳ್ಳೆಯ ಮೇವು. ಯೂರಿಯಾ ಚೀಲ ಇಲ್ಲದೆ ನದಿ ತನ್ನ ಗೊಬ್ಬರ ತಾನೇ ಮಾಡಿಕೊಳ್ಳುದು. ಆದ್ರೆ ಇಂತದ್ದಕ್ಕೆ ಬೆಲೆ ಇರುದು ಸಾರಜನಕ ಕಡಿಮೆ ಇರುವ ಶುದ್ಧ ನೀರಲ್ಲಿ. ಕಕ್ಕಸು ನೀರು ಬಿಟ್ಟ ಕೆರೆಯಲ್ಲಿ ಸಾರಜನಕ ತುಂಬಿ ತುಳುಕುವಾಗ ಅದನ್ನು ಕಷ್ಟಪಟ್ಟು ಹಿಡಿಯುವವನಿಗೆ ಎಂತ ಕೆಲಸ?

ಇಷ್ಟು ತಿಳಿದ ಮೇಲೆ ಆ ಅಭಿವೃದ್ಧಿಯ ಮೂರು ಕೆಲಸ ಒಂದೊಂದಾಗಿ ನೋಡುವ.

ಮೊದಲು ಗೋಡೆ. ಕಾಂಕ್ರೀಟಿನ ಮೇಲೆ ಲೋಳೆ ಬರುದೇ ಇಲ್ಲ ಅಂತ ನಾನು ಹೇಳುದಿಲ್ಲ, ಸಮಯ ಕೊಟ್ರೆ ಬರ್ತದೆ. ನನ್ನ ತಕರಾರು ನೆಟ್ಟಗಿನ ಗೋಡೆಗೆ. ಡಯಾಟಂಗೆ ಬಿಸಿಲು ಬೇಕು. ಇಳಿಜಾರಾಗಿ ಮುರಕಲ್ಲು ಜೋಡಿಸಿದ ದಡದಲ್ಲಿ ಮೊಣಕಾಲು ನೀರಿನ ಅಗಲ ಪಟ್ಟಿ ಸಿಗ್ತದೆ, ಬಿಸಿಲು ತಳದ ಕಲ್ಲಿಗೆ ಮುಟ್ತದೆ, ಮುರಕಲ್ಲಿನ ತೂತು ತೂತಿನಲ್ಲಿ ಲೋಳೆಗೆ ಜಾಗ ಸಿಗ್ತದೆ. ನೆಟ್ಟಗಿನ ಗೋಡೆ ಕಟ್ಟಿದ್ರೆ ಅಂಚಿನಲ್ಲೇ 8 ಅಡಿ ಆಳ. ಕದಡಿದ ನೀರಲ್ಲಿ ಕೆಳಗೆ ಕತ್ತಲೆ. ಕೆರೆಯ ಅಡುಗೆಮನೆಯನ್ನೇ ಕೆಡವಿ ಜಗಲಿಗೆ ಟೈಲ್ಸ್ ಹಾಕಿದ ಹಾಗೆ. ಮತ್ತೆ ಮುರಕಲ್ಲಿನ ಸಂದಿಯಿಂದ ಬರ್ತಿದ್ದ ಒರತೆ ಬಂದ್ ಆದದ್ದು ಬೇರೆ ಕತೆ.

ಎರಡನೆಯದ್ದು ಬ್ಲೀಚಿಂಗ್. ಕುಡಿಯುವ ಬಾವಿಗೆ ಲೆಕ್ಕ ನೋಡಿ ಕ್ಲೋರಿನ್ ಹಾಕುದು ಬೇರೆ, ಅದು ಬೇಕು, ಕಾಮಾಲೆ ಟೈಫಾಯ್ಡ್ ತಮಾಷೆಯಲ್ಲ. ಆದ್ರೆ ಕೊಳಚೆ ನೀರು ಬಂದು ಬೀಳುವ ಕೆರೆಗೆ ಮೂಟೆಗಟ್ಟಲೆ ಸುರಿಯುದು ಎಂತಕ್ಕೆ? ಕ್ಲೋರಿನಿನ ಬಲ ಕೊಳೆಯ ಜೊತೆ ಸೇರಿ ಬೇಗ ಮುಗೀತದೆ. ಮರುದಿನ ಪೈಪಿನಿಂದ ಹೊಸ ರೋಗಾಣು ಬಂದೇ ಬರ್ತದೆ. ನಡುವೆ ಸತ್ತದ್ದು ಲೋಳೆ. ಸತ್ತ ಲೋಳೆ ತಳಕ್ಕೆ ಹೋಗಿ ಕೊಳೀತದೆ, ಅದು ಕೊಳೀಲಿಕ್ಕೆ ಇದ್ದ ಆಮ್ಲಜನಕವೂ ಖರ್ಚಾಗ್ತದೆ. ಕಸ ಗುಡಿಸುವವರನ್ನು ಕೊಂದು ಕಸ ಹೆಚ್ಚು ಮಾಡಿದ ಹಾಗೆ.

ಮೂರನೆಯದ್ದು ಕ್ಯಾನು. ಇಲ್ಲಿ ಸ್ವಲ್ಪ ಲೆಕ್ಕ ಮಾಡುವ, ಎಸ್ಸೆಸ್ಸೆಲ್ಸಿ ಲೆಕ್ಕ ಸಾಕು. 1 ಎಕರೆ ಕೆರೆ, ಸರಾಸರಿ 2 ಮೀಟರ್ ನೀರು ಅಂತ ಇಟ್ಕೊಳ್ಳಿ. ಅಂದಾಜು 80 ಲಕ್ಷ ಲೀಟರ್. ಸಾಧಾರಣ ಕೆರೆ ನೀರಲ್ಲಿ 1 ಎಂಎಲ್‌ಗೆ 10 ಲಕ್ಷದಷ್ಟು ಬ್ಯಾಕ್ಟೀರಿಯಾ ಮೊದಲೇ ಇರ್ತವೆ, ಕೊಳಚೆ ಸೇರಿದ್ರೆ ಇನ್ನೂ ಹೆಚ್ಚು. ಈಗ ಕ್ಯಾನಿಗೆ ಬನ್ನಿ. ನಾವು ತೋಟಕ್ಕೆ ತರುವ ದ್ರವ ಜೈವಿಕ ಗೊಬ್ಬರದಲ್ಲಿ ಎಂಎಲ್‌ಗೆ 10 ಕೋಟಿ ಇರ್ಬೇಕು ಅಂತ ನಿಯಮ. ಕ್ಯಾನಿನಲ್ಲೂ ಅಷ್ಟೇ ಉಂಟು, ಎಲ್ಲ ಜೀವಂತ ಉಂಟು ಅಂತಲೇ ನಂಬುವ. 20 ಲೀಟರಿನ ಒಂದು ಕ್ಯಾನ್ ಸುರಿದ್ರೆ, ನೀರಲ್ಲಿ ಮೊದಲೇ ಇದ್ದ 4,000 ಬ್ಯಾಕ್ಟೀರಿಯಾಕ್ಕೆ ಹೊಸತು 1 ಬಂದ ಹಾಗೆ ಆಯ್ತು. ಇದು ನೀರಲ್ಲಿ ತೇಲುವವುಗಳ ಲೆಕ್ಕ ಮಾತ್ರ, ಕಲ್ಲಿನ ಲೋಳೆಯದ್ದು, ತಳದ ಕೆಸರಿನದ್ದು ಸೇರಿಸಿಯೇ ಇಲ್ಲ. 4,000 ಜನ ಇರುವ ಊರಿಗೆ ಗುರುತು ಪರಿಚಯ ಇಲ್ಲದ, ಉಳಿಯಲು ಮನೆಯೂ ಇಲ್ಲದ ಒಬ್ಬ ಬಸ್ಸಿನಿಂದ ಇಳಿದು ಊರನ್ನೇ ಸರಿ ಮಾಡ್ತಾನೆ ಅಂದ್ರೆ ನಂಬ್ಲಿಕ್ಕೆ ನಮಗೆ ಮಂಡೆ ಇಲ್ವಾ?

'ಹೆಪ್ಪು ಹಾಕಿದ ಹಾಗೆ, ಸ್ವಲ್ಪ ಹಾಕಿದ್ರೆ ಅದೇ ಬೆಳೀತದೆ' ಅಂತ ಒಬ್ರು ನನಗೆ ಹೇಳಿದ್ರು. ಹೆಪ್ಪು ಹಾಕುದು ಕಾಯಿಸಿದ ಹಾಲಿಗೆ, ಬೇರೆ ಯಾರೂ ಇಲ್ಲದ ಕಡೆಗೆ. ಒಡೆದ ಹಾಲಿಗೆ, ಅದೂ ದಿನಾ ಮೇಲಿಂದ ಹುಳಿ ಬೀಳ್ತಾ ಇರುವ ಪಾತ್ರೆಗೆ ಹೆಪ್ಪು ಹಾಕಿ ಮೊಸರು ಕಾಯ್ತಾ ಕೂರುದಾ? ಕೆರೆಗೆ ಬ್ಯಾಕ್ಟೀರಿಯಾದ ಬರಗಾಲ ಇಲ್ಲ. ಬರಗಾಲ ಇರುದು ಆಮ್ಲಜನಕಕ್ಕೆ, ಬಿಸಿಲಿಗೆ, ಕೂರುವ ಕಲ್ಲಿಗೆ. ಆಮ್ಲಜನಕ ಮುಗಿದ ಕೆರೆಯಲ್ಲಿ ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾದ ರಾಜ್ಯ, ಅದಕ್ಕೇ ಕೆಸರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಈಗ ಡಯಾಟಂ ಬೆಳೆಸುವ ಟಾನಿಕ್ ಅಂತಲೂ ದ್ರಾವಣ ಬರ್ತದೆ. ಮೀನು, ಸಿಗಡಿ ಸಾಕುವ ಹೊಂಡದಲ್ಲಿ ನೀರು ಮೇವು ಎಲ್ಲ ಒಬ್ಬನ ಹಿಡಿತದಲ್ಲಿರ್ತದೆ, ಅಲ್ಲಿ ಇಂತದ್ದಕ್ಕೆ ಏನಾದ್ರೂ ಅರ್ಥ ಇರಬಹುದು. ಕಕ್ಕಸಿನ ಪೈಪು ಬೀಳುವ ಊರ ಕೆರೆಗೆ ಟಾನಿಕ್ ಹಾಕುದು, ಅಜೀರ್ಣ ಆದವನಿಗೆ ಇನ್ನೂ ಎರಡು ಸೌಟು ಪಾಯಸ ಬಡಿಸಿದ ಹಾಗೆ.

ಈಗ ನನ್ನ ಮೇಲೆ ಬರುವ ಮಾತು ಗೊತ್ತುಂಟು. ಒಂದು, 'ಮೆಟ್ಟಿಲು ಜಾರಿ ಮಕ್ಕಳು ಬಿದ್ರೆ ನೀವು ಹೊಣೆಯಾ?' ಸರಿಯಾದ ಮಾತು. ಜನ ಇಳಿಯುವ ಮೆಟ್ಟಿಲು ತಿಕ್ಕಿ, ಕೈಯಲ್ಲೇ ತಿಕ್ಕಿ, ಯಾರು ಬೇಡ ಅಂದ್ರು? ಇಡೀ ಕೆರೆಯ ಕಲ್ಲು ತಿಕ್ಕುದು ಬೇಡ. ಎರಡು, 'ಸೊಳ್ಳೆ ಬರ್ತದೆ, ಮಂಗಳೂರಿಗೆ ಮಲೇರಿಯಾ ಸಾಲದಾ?' ಮಲೇರಿಯಾದ ಸೊಳ್ಳೆಗೆ ಕಟ್ಟಡ ಕೆಲಸದ ಟ್ಯಾಂಕಿ, ತಾರಸಿಯಲ್ಲಿ ನಿಂತ ನೀರು ಧಾರಾಳ ಸಾಕು. ಕೆರೆಯಲ್ಲಿ ಸೊಳ್ಳೆಮರಿ ತಿನ್ನುದು ಮೀನು. ಮೀನಿಗೆ ಆಮ್ಲಜನಕ ಬೇಕು, ಮರಿಮೀನಿಗೆ ಮೇವು ಬೇಕು, ಎರಡಕ್ಕೂ ಲೋಳೆ ಬೇಕು. ಮೂರು, 'ಲೋಳೆ ಇದ್ದ ಮಾತ್ರಕ್ಕೆ ನೀರು ಕುಡಿಯಬಹುದಾ?' ಖಂಡಿತ ಇಲ್ಲ. ಕುದಿಸಿಯೇ ಕುಡಿಯಿರಿ. ಲೋಳೆ ಕೆರೆಯ ಆರೋಗ್ಯ ಹೇಳ್ತದೆ, ನಿಮ್ಮ ಲೋಟದ ಗ್ಯಾರಂಟಿ ಕೊಡುದಿಲ್ಲ. ಹಸಿರು ಪೇಂಟಿನ ಹಾಗೆ ಕೆನೆ ಕಟ್ಟಿದ್ರಂತೂ ದನಕ್ಕೂ ಕುಡಿಸ್ಬೇಡಿ, ಆ ನೀಲಿಹಸಿರು ಬ್ಯಾಕ್ಟೀರಿಯಾಗಳಲ್ಲಿ ಕೆಲವು ಪಿತ್ತಜನಕಾಂಗಕ್ಕೆ ವಿಷ. ಎಲ್ಲ ಬ್ಯಾಕ್ಟೀರಿಯಾ ಸ್ನೇಹಿತರಲ್ಲ. ಡಯಾಟಂಗಳನ್ನೇ ಕೊಂದು ತಿನ್ನುವವೂ ಉಂಟು. ಕೂಡುಕಟ್ಟಿನ ಮನೆ ಅಂದ ಮೇಲೆ ಜಗಳವೂ ಇರ್ತದೆ.

ಈಗ ನಮ್ಮವರಿಗೆ, ಅಂದ್ರೆ ರೈತರಿಗೆ. ಪೇಟೆಯವರನ್ನು ಮಾತ್ರ ಬೈದು ಸುಮ್ಮನಾಗುದು ನ್ಯಾಯ ಅಲ್ಲ. ಅಡಿಕೆಗೆ ಕೊಳೆರೋಗ ಬಂದ್ರೆ ಬೋರ್ಡೋ ಬಿಡ್ಲೇಬೇಕು, 100 ಲೀಟರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಅದು ಎಲ್ಲರಿಗೂ ಬಾಯಿಪಾಠ. ಆದ್ರೆ ಉಳಿದದ್ದನ್ನು ತೋಡಿಗೆ ಚೆಲ್ಲಿ, ಡ್ರಮ್ಮು ತೋಡಿನಲ್ಲೇ ತೊಳೆಯುದು ಎಂತಕ್ಕೆ? ತಾಮ್ರ ಪಾಚಿ ಜಾತಿಗೆ ನೇರ ವಿಷ. ಡ್ರಮ್ಮು ತೋಟದ ಒಳಗೆ ಗುಂಡಿ ತೋಡಿ ತೊಳೆಯಿರಿ. ಮತ್ತೆ ಸಾವಯವದವರಿಗೆ ಒಂದು ಮಾತು. ಜೀವಾಮೃತ ಮಣ್ಣಿಗೆ ಸರಿ. ಅದನ್ನು ಕೆರೆಗೆ ಸುರಿದು 'ಜೀವಾಣು ಸೇರಿಸಿದೆವು' ಅಂತ ಫೋಟೋ ಹಾಕ್ಬೇಡಿ. 200 ಲೀಟರ್ ಜೀವಾಮೃತದಲ್ಲಿ 10 ಕೆಜಿ ಸಗಣಿ, ಮೇಲಿಂದ ಬೆಲ್ಲ, ಹಿಟ್ಟು ಉಂಟು. ಕೆರೆಗೆ ಅದು ಇನ್ನೊಂದು ಕೊಳೆ. ಬ್ಯಾಕ್ಟೀರಿಯಾ ಕ್ಯಾನಿನಿಂದ ಬಂದ್ರೆ ತಪ್ಪು, ಹಟ್ಟಿಯಿಂದ ಬಂದ್ರೆ ಸರಿ ಅಂತ ಇಲ್ಲ.

ಊರಿನ ಸಂಗತಿ ನೋಡಿ. ಜೆಪ್ಪುವಿನ ಗುಜ್ಜರಕೆರೆಗೆ ಒಳಚರಂಡಿ ನೀರು ಸೇರ್ತದೆ ಅನ್ನುವ ದೂರು ಎಷ್ಟು ವರ್ಷದಿಂದ ಪೇಪರಿನಲ್ಲಿ ಬರ್ತಾ ಉಂಟು, ಅಭಿವೃದ್ಧಿಯ ದುಡ್ಡೂ ಖರ್ಚಾಗ್ತಾ ಉಂಟು. ತಲತಲಾಂತರದ ಕೆರೆ ಅದು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂತು. ಅಡಿಕೆ ಮರ ತೆಂಗಿನ ಮರ ಕಸದೊಳಗೆ ಮುಳುಗಿದ್ದು ಎಲ್ಲರೂ ನೋಡಿದ್ದೇವೆ. ಆ ಕಸದ ಕಪ್ಪು ರಸ ತೋಡು ಹಿಡಿದು ಫಲ್ಗುಣಿಗೆ ಸೇರುವ ಹೆದರಿಕೆ ಇವತ್ತಿಗೂ ಹೋಗಿಲ್ಲ. ಫಲ್ಗುಣಿಗೆ ಯಾರು ಎಷ್ಟು ಕ್ಯಾನ್ ಸುರಿಯುದು? ಹೇಳಿ.

ನೀರು ಸರಿ ಉಂಟಾ ಅಂತ ನೋಡುದು ಹೇಗೆ ಅಂತ ಕೇಳಿದ್ರೆ ಬಾಟಲಿಯಲ್ಲಿ ನೀರು ತೆಗೆದು ಲ್ಯಾಬಿಗೆ ಕಳಿಸುದು. ಅದು ಬೇಕು. ಆದ್ರೆ ಬಾಟಲಿ ಹೇಳುದು ಆ ಗಳಿಗೆಯ ಕತೆ. ನಮ್ಮೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೇಲೆ ಮಳೆ, ಜೋರು ಮಳೆಯ ಮರುದಿನ ತೆಗೆದ ಬಾಟಲಿಯಲ್ಲಿ ಎಲ್ಲವೂ ಚಂದ ಕಾಣ್ತದೆ. ಕಲ್ಲಿನ ಲೋಳೆ ಹಾಗಲ್ಲ, ಅದು ಕೆಲವು ವಾರಗಳ ಕತೆ ಹೇಳ್ತದೆ. ಕೊಳೆ ಹೆಚ್ಚಾದ್ರೆ ಶುದ್ಧ ನೀರಿನ ಡಯಾಟಂಗಳು ಹೋಗಿ ನಿಟ್ಜಿಯಾ ಪೇಲಿಯಾದಂತಹ ಗಟ್ಟಿಜೀವಗಳು ಮಾತ್ರ ಉಳೀತವೆ. ರಾತ್ರಿ ಪೈಪು ಬಿಟ್ಟವನಿಗೆ ಬಾಟಲಿಗೆ ಮೋಸ ಮಾಡ್ಲಿಕ್ಕೆ ಆಗ್ತದೆ, ಕಲ್ಲಿಗೆ ಆಗುದಿಲ್ಲ. ಯುರೋಪಿನ ದೇಶಗಳು 2000ನೇ ಇಸವಿಯ ನೀರಿನ ಕಾನೂನು ಬಂದ ಮೇಲೆ ನದಿಯ ಆರೋಗ್ಯ ನೋಡ್ಲಿಕ್ಕೆ ಇದನ್ನೂ ಲೆಕ್ಕಕ್ಕೆ ತೆಗೊಳ್ತವೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಕಾರ್ತಿಕ್, ಟಿ. ವಿ. ರಾಮಚಂದ್ರ ಮತ್ತು ಜೊತೆಗಾರರು ಇದನ್ನು ಹೇಗೆ ಮಾಡ್ಬೇಕು ಅಂತ ವಿಧಾನವನ್ನೇ 2010ರಲ್ಲಿ ಬರೆದು ಕೊಟ್ಟಿದ್ದಾರೆ, ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಾಡಿಯೂ ತೋರಿಸಿದ್ದಾರೆ. ಬೇಕಾದ ಸಾಮಾನು ಎಂತ ಗೊತ್ತಾ? ಐದಾರು ಕಲ್ಲು, ಒಂದು ಹಲ್ಲುಜ್ಜುವ ಬ್ರಶ್ಶು, ಒಂದು ತಟ್ಟೆ, ಸಣ್ಣ ಬಾಟಲಿ. ಆಮೇಲೆ ಸೂಕ್ಷ್ಮದರ್ಶಕ, ನೋಡಿ ಗುರುತಿಸುವ ಕಣ್ಣು. 1969ರಿಂದ ಮೀನುಗಾರಿಕಾ ಕಾಲೇಜು ಈ ಊರಲ್ಲಿ ಉಂಟು. ಕೊಣಾಜೆಯಲ್ಲಿ ವಿಶ್ವವಿದ್ಯಾಲಯ ಉಂಟು. ಓಣಿಗೊಂದು ಕಾಲೇಜು ಉಂಟು. ಮಂಗಳೂರಲ್ಲಿ ಸೂಕ್ಷ್ಮದರ್ಶಕಕ್ಕೆ ಬಡತನ ಉಂಟಾ?

ಹಾಗಾಗಿ ನಾನು ಕೇಳುದು ನಾಲ್ಕೇ ನಾಲ್ಕು. ಒಂದು, ಕೊಳಚೆಯ ಪೈಪು ಬಂದ್ ಆಗುವ ತನಕ ಕೆರೆಯ ಬೇರೆ ಯಾವ ಬಿಲ್ಲೂ ಪಾಸ್ ಆಗ್ಬಾರ್ದು, ಬೆಂಚಿನದ್ದೂ ಇಲ್ಲ, ಕ್ಯಾನಿನದ್ದೂ ಇಲ್ಲ. ಎರಡು, ಪ್ರತಿ ಕೆರೆಯಲ್ಲಿ ಕನಿಷ್ಠ ಒಂದು ಬದಿ ಇಳಿಜಾರಾಗಿ, ಮುರಕಲ್ಲು ಕಾಡುಕಲ್ಲು ಜೋಡಿಸಿ, ಬಿಸಿಲು ಬೀಳುವ ಹಾಗೆ ಬಿಡ್ಬೇಕು. ಮೂರು, ಹೂಳು ತೆಗೆಯುವಾಗ ಶುದ್ಧ ಬದಿಯ ಹಳೇ ಕಲ್ಲು ಕೆಲವನ್ನು ಒಣಗದ ಹಾಗೆ ನೀರಲ್ಲಿಟ್ಟು ಕೆಲಸ ಮುಗಿದ ಮೇಲೆ ವಾಪಸ್ ಹಾಕ್ಬೇಕು. ಹೆಪ್ಪು ಬೇಕಾದ್ರೆ ಅದೇ ಹೆಪ್ಪು, ಅದಕ್ಕೆ ಬಿಲ್ಲೂ ಇಲ್ಲ. ನಾಲ್ಕು, ವರ್ಷಕ್ಕೆ ಎರಡು ಸಲ, ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ, ಕಲ್ಲಿನ ಲೋಳೆ ನೋಡಿ ಯಾವ ಡಯಾಟಂ ಎಷ್ಟು ಅಂತ ಕೆರೆಯ ಬೋರ್ಡಿನಲ್ಲಿ ಬರೀಬೇಕು. ಕಾಮಗಾರಿಗೆ ಎಷ್ಟು ಲಕ್ಷ, ಯಾರ ಅನುದಾನ ಅಂತ ಅಷ್ಟು ದೊಡ್ಡ ಬೋರ್ಡ್ ಹಾಕ್ತೀರಲ್ಲ, ಅದರ ಕೆಳಗೆ ಜಾಗ ಉಂಟು.

ಇದು ಆಗುವ ತನಕ ಯಾರಾದ್ರೂ ನಿಮ್ಮ ಕೆರೆಗೆ ಕ್ಯಾನ್ ಹಿಡ್ಕೊಂಡು ಬಂದ್ರೆ ಜಗಳ ಮಾಡ್ಬೇಡಿ, ಎರಡು ಪ್ರಶ್ನೆ ಕೇಳಿ ಸಾಕು. ಪೈಪು ಬಂದ್ ಆಯ್ತಾ? ಕಲ್ಲು ನೋಡಿದ್ರಾ? ಉತ್ತರ ಬಾರದಿದ್ರೆ ಕ್ಯಾನ್ ವಾಪಸ್ ರಿಕ್ಷಾಕ್ಕೆ ಹಾಕ್ಲಿಕ್ಕೆ ಸಹಾಯ ಮಾಡಿ.

ನಿಮ್ಮ ಬದಿಯ ಕೆರೆ, ಮದಕ, ತೋಡಿನ ಕಲ್ಲು ಯಾವ ಬಣ್ಣ ಉಂಟು ಅಂತ ಕೆಳಗೆ ಬರೆಯಿರಿ. ಪಟ ಹಾಕುದಾದ್ರೆ ಬಿಸಿಲಲ್ಲಿ ತೆಗೆದು ಹಾಕಿ, ಊರಿನ ಹೆಸರು ಸೇರಿಸಿ. ಕಲ್ಲು ನೋಡಿ ಆದ ಮೇಲೆ ಲೋಳೆ ಮೇಲೆ ಬರುವ ಹಾಗೆ ಇದ್ದಲ್ಲಿಗೇ ವಾಪಸ್ ಇಡಿ.